ಬಿಚ್ಚಿ ಕಟ್ಟಿದ ಗುಡಿಸಲು

ಜೇನಜ್ಜಿಯ ಅಂಗೈ ಗೆರೆಗಳೊಳಗೆ ಮಸಿ ಇಳಿದಿತ್ತು. ನಮ್ಮ ಜನ್ನಾಪುರದ ಮನೆಯ ಹಿತ್ತಲಲ್ಲಿ ಅಮ್ಮ ಸೋಪು ಕೊಟ್ಟರೆ, "ಇದು ಕೊಳೆ ಅಲ್ಲ ಕಣವ್ವಾ, ನಮ್ಮತ್ತೆ ಒಲೇದು. ಹೋಗಲ್ಲ" ಎಂದು ನಗುತ್ತಿದ್ದಳು. ಕಾಡಿನಿಂದ ಜೇನು ತರುತ್ತಿದ್ದ ಆಕೆಯನ್ನು ನಮಗೆ ಪರಿಚಯಿಸಿದವನು ನನ್ನ ಸೋದರಮಾವ. ಆ ಕಾಡಿಗೆ ಅವನೇ ಗಾರ್ಡು. "ಗಾರ್ಡಪ್ಪ ಕಾಡು ಕಾಯ್ತಾನೆ, ಗಾರ್ಡಪ್ಪನ ಹೊಟ್ಟೆ ನಾನು ಕಾಯ್ತೀನಿ" ಎಂದು ಅವನನ್ನು ಕಿಚಾಯಿಸುತ್ತಿದ್ದಳು.

ನಿಜವೇ. ಕಾಡು ಸುತ್ತಿ ದಣಿದ ಮಾವ ಅವಳ ಗುಡಿಸಲಲ್ಲೇ ರೊಟ್ಟಿ ತಿಂದು ಅಡ್ಡಾಗುತ್ತಿದ್ದ. ಮೇಲಿನವರು ಬರುವ ಸುದ್ದಿ ಸಿಕ್ಕರೆ ಮಾತ್ರ ಕೈ ಮುಗಿಯುತ್ತಿದ್ದ: "ಅಜ್ಜೀ, ಗುಡಿಸ್ಲು ಬಿಚ್ಚಿಡು ಮಾರಾಯ್ತಿ. ಅವ್ರು ಹೋದ್ಮೇಲೆ ಕಟ್ಕೋ. ಇಲ್ದಿದ್ರೆ ನನ್ ನೌಕರಿ ಹೋಗುತ್ತೆ." ಅಜ್ಜಿ ಗಳ, ಹುಲ್ಲು ಎಲ್ಲವನ್ನೂ ಪೊದೆಯೊಳಗೆ ಅಡಗಿಸಿ, ಜೀಪು ಹೋದ ಮೇಲೆ ಮತ್ತೆ ಕಟ್ಟುತ್ತಿದ್ದಳು. ಒಲೆಯ ಮೂರು ಕಲ್ಲುಗಳನ್ನು ಮಾತ್ರ ಅಲುಗಿಸುತ್ತಿರಲಿಲ್ಲ. ಅತ್ತೆ ಹೂಡಿದ ಒಲೆಯನ್ನು ಸೊಸೆ ಕೀಳಬಾರದೆಂಬುದು ಅವರ ಕಟ್ಟಳೆ. ಸೊಪ್ಪು ಮುಚ್ಚಿ ಬರುತ್ತಿದ್ದಳು, ಅಷ್ಟೆ.

ಆಮೇಲೆ ಅರಣ್ಯ ಹಕ್ಕಿನ ಕಾನೂನು ಬಂತು. ಹಿಂದಿನಿಂದಲೂ ಕಾಡಲ್ಲೇ ನೆಲೆಸಿದ ಬುಡಕಟ್ಟಿನವರಿಗೆ ಆ ಜಾಗದ ಹಕ್ಕುಪತ್ರ ಸಿಗುತ್ತದೆಂದು ಕೇಳಿ ಅಜ್ಜಿ ಓಡಿ ಬಂದಳು. "ಇನ್ಮೇಲೆ ಬಿಚ್ಚೋದಿಲ್ಲ ಕಣ್ ಮಗಾ!" ಆ ಖುಷಿಗೆ ಹೊಸ ಗಳ, ಹೊಸ ಹುಲ್ಲು ಹಾಕಿ ಗುಡಿಸಲನ್ನು ಗಟ್ಟಿ ಮಾಡಿಕೊಂಡಳು. ಅರ್ಜಿ ಬರೆದುಕೊಟ್ಟವನು ನಾನು. ಅಧಿಕಾರಿಗಳು ಜಾಗ ನೋಡಲು ಬಂದ ದಿನ ನಾನೂ ಹೋಗಿದ್ದೆ.

"ಹುಲ್ಲು ಹೊಸದು, ಗಳ ಹೊಸದು. ಇದು ಈಗ ಕಟ್ಟಿದ್ದು" ಎಂದರು ಹಿರಿಯ ಅಧಿಕಾರಿ. ಅಜ್ಜಿಗೆ ಗಾಬರಿಯೇನೂ ಆಗಲಿಲ್ಲ. "ನಮ್ ಗಾರ್ಡಪ್ಪನ್ನ ಕೇಳಿ ಸ್ವಾಮಿ" ಎಂದು ಮಾವನ ಕಡೆ ತಿರುಗಿದಳು.

ಮಾವ ನೆಲ ನೋಡುತ್ತ, "ಮೊದ್ಲು ಇಲ್ಲಿ ಗುಡಿಸ್ಲು ಇರ್ಲಿಲ್ಲ ಸಾರ್" ಎಂದ.

ಇತ್ತು ಎಂದರೆ ಇಷ್ಟು ವರ್ಷ ಮೇಲಿನವರಿಗೆ ಹೇಳಿದ ಸುಳ್ಳು ಹೊರಬೀಳುತ್ತಿತ್ತು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ, ಇವನು ಮನೆಯೇ ಇರಲಿಲ್ಲ ಎಂದುಬಿಟ್ಟ. ಸುಳ್ಳು ಎಂದು ನಾನು ಕೂಗಿದೆ. ಅರ್ಜಿ ಬರೆದವನ ಮಾತು ಯಾರಿಗೆ ಬೇಕು? ಅಜ್ಜಿ ಅವರನ್ನು ಒಳಗೆ ಕರೆದು ಮಸಿ ಹಿಡಿದ ಒಲೆ ತೋರಿಸಿದಳು. "ಕಾಡಲ್ಲಿ ಕಲ್ಲಿಗೇನು ಬರವೇನಜ್ಜಿ?" ಎಂದು ಅವರು ಜೀಪು ಹತ್ತಿದರು.

ಅರ್ಜಿ ಬಿದ್ದುಹೋಯಿತು. ಗುಡಿಸಲನ್ನೂ ಕೆಡವಿಸಿದರು. ಆಮೇಲೆ ಕಟ್ಟಿಕೋ ಎಂದು ಈ ಸಲ ಯಾರೂ ಹೇಳಲಿಲ್ಲ. ಅಜ್ಜಿ ಆಯನೂರಿನ ಕಡೆ ಮಗಳ ಮನೆಯಲ್ಲಿ ತೀರಿಕೊಂಡಳು. ಸುದ್ದಿ ತಂದ ಮಗಳು ತಾಯಿಯ ಮಾತೊಂದನ್ನೂ ತಂದಿದ್ದಳು: "ಒಲೆ ಕಲ್ಲು ಅಲ್ಲೇ ಅವೆ ಅಂತ ಗಾರ್ಡಪ್ಪಂಗೆ ಹೇಳು. ಹಸಿವಾದ್ರೆ ಬೇಯಿಸ್ಕೊಂಡು ಉಣ್ಲಿ."

ಮಾವನಿಗೆ ಅದನ್ನು ಹಾಗೆಯೇ ಮುಟ್ಟಿಸಿದೆ. ಅವತ್ತಿನಿಂದ ಅವನ ಪಕ್ಕ ನಾನು ಊಟಕ್ಕೆ ಕೂತಿಲ್ಲ.