ಬಾವಿಯೊಳಗಿನ ಹಾಡು

ಕಳೆದ ವರ್ಷದ ಬೇಸಿಗೆ. ಬೆಂಗಳೂರಿನ ವಿಜಯನಗರದ ಸುತ್ತಮುತ್ತ ಒಂದು ಕಲಾ ಉತ್ಸವ ನಡೆದಿತ್ತು. ನಾಟಕ, ಕುಣಿತ, ಚಿತ್ರ ಎಲ್ಲಕ್ಕೂ ಒಂದೇ ವಿಷಯ: ನೀರೂ ಮರಗಳೂ ಮುಗಿದುಹೋದ ಮುಂದಿನ ಕಾಲದ ಬೆಂಗಳೂರು. ಕೊನೆಯ ಸಂಜೆ ನನ್ನ ತಂಗಿ ಸೌಮ್ಯಳ ಪ್ರದರ್ಶನ. ಸ್ಥಳ, ಮೂಡಲಪಾಳ್ಯದ ಹಳೆಯ ಮನೆಯೊಂದರ ಹಿತ್ತಲಿನ ಬತ್ತಿದ ಬಾವಿ.

ವರ್ಷಗಟ್ಟಲೆ ಚಪ್ಪಡಿ ಮುಚ್ಚಿದ್ದ ಬಾವಿ ಅದು. ಆ ಮಧ್ಯಾಹ್ನವಷ್ಟೇ ತೆಗೆಸಿದ್ದರು. ಪ್ರದರ್ಶನದಲ್ಲಿ ಮುಂದಿನ ಕಾಲದ ಹೆಣ್ಣೊಬ್ಬಳು ಎಣ್ಣೆದೀಪ ಹಿಡಿದು, ನೀರು ಹುಡುಕುತ್ತಾ ಇಳಿಯುತ್ತಾಳೆ. ತಳ ಮುಟ್ಟಿ ದೀಪ ಆರಿಸುತ್ತಾಳೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಕತ್ತಲೊಳಗಿಂದ ಹಾಡು ಕೇಳಬೇಕು. ಸೌಮ್ಯಳೇ ಬರೆದ ಹಾಡು. ನಮ್ಮ ಮನೆಯ ಮಹಡಿ ಮೆಟ್ಟಿಲು ಇಳಿದಿಳಿದು ಅಭ್ಯಾಸ ಮಾಡಿದ್ದಳು.

"ಬಾವಿಗೆಲ್ಲಾ ಯಾಕೇ ಇಳೀತೀಯ?" ಎಂದು ಅಮ್ಮ ಬೈದಿದ್ದರು.

"ಹಗ್ಗ ಗಟ್ಟಿಯಾಗಿದೆ ಕಣಮ್ಮ. ಮರಳುಮೂಟೆ ಕಟ್ಟಿ ತೂಗುಹಾಕಿ ನೋಡಿದೀವಿ."

ನಾನು ಬಾವಿಕಟ್ಟೆಯ ಪಕ್ಕದಲ್ಲೇ ನಿಂತಿದ್ದೆ. ಬೆಲ್ಟ್ ಬಿಗಿದುಕೊಂಡ ಸೌಮ್ಯ ನನ್ನತ್ತ ಕಣ್ಣು ಮಿಟುಕಿಸಿದಳು. ಅವಳ ತಂಡದ ಕಿರಣ, ಇನ್ನಿಬ್ಬರ ಜೊತೆ ರಾಟೆಯ ಹಗ್ಗವನ್ನು ನಿಧಾನವಾಗಿ ಬಿಟ್ಟ. ತಳ ಮುಟ್ಟುವ ಮೊದಲೇ ದೀಪ ಆರಿತು. ಅವಸರಪಟ್ಟಳಲ್ಲ ಎಂದುಕೊಂಡೆ. ಹಗ್ಗ ಇಳಿಯುತ್ತಲೇ ಇತ್ತು.

ಎಲ್ಲರ ಕೈಯಲ್ಲೂ ಮೊಬೈಲ್. "ಮೈ ಜುಂ ಅಂತಿದೆ ಕಣ್ರೀ," ಎಂದು ಹಿಂದೆ ನಿಂತ ಆಂಟಿಯೊಬ್ಬರು ಪಿಸುಗುಟ್ಟಿದರು.

ಹಾಡು ಬರಲಿಲ್ಲ. ಮೆಟ್ಟಿಲ ಮೇಲಾಗಿದ್ದರೆ ಅಷ್ಟು ಹೊತ್ತಿಗೆ ಮೊದಲ ಸಾಲು ಮುಗಿದಿರುತ್ತಿತ್ತು. ಆಗ ನನಗೆ ಥಟ್ಟನೆ ಹೊಳೆಯಿತು. ದೀಪವನ್ನು ಅವಳು ಆರಿಸಿರಲಿಲ್ಲ. ಅದು ತಾನಾಗಿಯೇ ಆರಿತ್ತು. ಕೆಳಗೆ ಉಸಿರಾಡುವ ಗಾಳಿಯೇ ಇರಲಿಲ್ಲ. ಹಗ್ಗವನ್ನು ಪರೀಕ್ಷಿಸಿದ್ದ ನಮಗೆ ಗಾಳಿಯ ನೆನಪೇ ಆಗಿರಲಿಲ್ಲ.

"ಕಿರಣ, ಎಳಿಯೋ!"

"ಅಕ್ಕಾ, ಶ್! ಹಾಡೇ ಶುರುವಾಗಿಲ್ಲ. ಈಗ ಎಳೆದ್ರೆ ನನ್ನನ್ನ ಸಾಯಿಸ್ಬಿಡ್ತಾಳೆ."

"ಅವಳೇ ಸಾಯ್ತಿದಾಳೆ ಕಣೋ! ಎಳಿ!"

ನಾನೂ ಹಗ್ಗಕ್ಕೆ ಕೈ ಹಾಕಿದೆ. ನನ್ನ ಕೂಗನ್ನೂ ಜನ ನಾಟಕವೆಂದೇ ತಿಳಿದರು. ಮೇಲೆ ಬಂದವಳ ತಲೆ ಎದೆಗೆ ಜೋತುಬಿದ್ದಿತ್ತು. ತುಟಿ ನೀಲಿಯಾಗಿತ್ತು. ಅದನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು.

"ನಿಲ್ಸ್ರೀ! ಆಂಬುಲೆನ್ಸ್ ಕರೀರಿ!" ಎಂದು ಕಿರಣ ಅಳುತ್ತಾ ಕಿರುಚಿದ. ಆಗಲೂ ಹಿಂದಿನ ಸಾಲಿನವರ ಚಪ್ಪಾಳೆ ನಿಂತಿರಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಅಕ್ಕಾ, ಹಾಡು ಮೇಲಕ್ಕೆ ಕೇಳಿಸ್ತಾ? ಪೂರ್ತಿ ಹಾಡಿದೆ ಕಣೇ."

"ಕೇಳಿಸ್ತು," ಎಂದೆ.

ಈಗ ಅವಳು ಚೆನ್ನಾಗಿದ್ದಾಳೆ. ಅದೇ ಹಾಡನ್ನು ಗುನುಗುತ್ತಾ ಮಹಡಿಯಿಂದ ಇಳಿಯುತ್ತಾಳೆ. ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದರೂ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು "ಸೌಮ್ಯಾ!" ಎಂದು ಕೂಗುತ್ತೇನೆ.

"ಇಲ್ಲೇ ಇದೀನಿ ಕಣೇ," ಎನ್ನುತ್ತಾಳೆ. ಅಲ್ಲಿಯವರೆಗೆ ನನ್ನ ಕೈಯಲ್ಲಿ ಆ ಹಗ್ಗ ಇದ್ದೇ ಇರುತ್ತದೆ.