ಹುಳದ ಮನೆಯಲ್ಲಿ ಐದು ಮೀನು

ತವರಿನಿಂದ ಬರುವ ಹೆಣ್ಣುಮಕ್ಕಳು ಚಕ್ಲಿ, ನಿಪ್ಪಟ್ಟು, ಮಡಿಲಕ್ಕಿ ತರುತ್ತಾರೆ. ನಾನು ಏಳು ಮೀನು ತಂದೆ. ಜೀವಂತ ಮೀನು, ಪೆಪ್ಪರಮೆಂಟು ತುಂಬಿಡುವ ಗಾಜಿನ ಬಾಟಲಿಯಲ್ಲಿ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದವರೆಗೆ ಬಸ್ಸಿನಲ್ಲಿ ಆ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸೀರೆ ಅರ್ಧ ನೆನೆದರೂ ನಗುತ್ತ ಬಂದೆ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಮದುವೆಯಾಗಿ ಎರಡನೇ ವರ್ಷ, ನನಗೆ ಇಪ್ಪತ್ತು ತುಂಬಿತ್ತು.

ಅಪ್ಪ ಚಿಕ್ಕಬಳ್ಳಾಪುರದಲ್ಲಿ ವಿಜ್ಞಾನದ ಮೇಷ್ಟ್ರು. ಸೊಳ್ಳೆಮರಿ ತಿನ್ನಲಿ ಎಂದು ಮಲೇರಿಯಾ ಇಲಾಖೆಯವರು ಬಾವಿಗಳಿಗೆ ಬಿಡುತ್ತಿದ್ದ ಗಪ್ಪಿ ಮೀನನ್ನು ಅವರು ಒಂದಷ್ಟು ಕೇಳಿ ತಂದು ಸಾಕಿದ್ದರು. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಅಷ್ಟೇ. ಗಂಡಿನ ಬಾಲದಲ್ಲಿ ಕೆಂಪು, ನೀಲಿ ಚುಕ್ಕೆ. ಹೆಣ್ಣು ಬೂದು ಬಣ್ಣ, ಹೊಟ್ಟೆ ಗುಂಡಗೆ. ನೋಡುತ್ತ ಕೂತರೆ ನನಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಗಂಡನ ಮನೆ ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ. ಸುತ್ತ ಹಿಪ್ಪುನೇರಳೆ ತೋಟ, ಮನೆಯ ಮುಕ್ಕಾಲು ಭಾಗ ರೇಷ್ಮೆ ಹುಳದ ತಟ್ಟೆಗಳು. ಉಳಿದ ಕಾಲು ಭಾಗದಲ್ಲಿ ನಾವು. ಯಜಮಾನಿಕೆ ಅತ್ತೆಯದು. ಹುಳ ಸಾಕುವುದಕ್ಕೆ ಅಲ್ಲಿ ಬೆಳೆ ಇಡುವುದು ಎಂದೇ ಹೆಸರು. ಅವರ ಬೆಳೆ ಕೆಟ್ಟಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಬೆಳೆಯನ್ನೂ ಯಾರೂ ಕಂಡಿರಲಿಲ್ಲ ಅನ್ನಿ. ಹೊರಗಿನವರು ಬಾಗಿಲಿಗೆ ಬಂದರೆ ಸಾಕು, ಅತ್ತೆ ಗೋಣಿತಾಟಿನ ಪರದೆ ಇಳಿಬಿಟ್ಟು ಹೊಸಿಲಲ್ಲೇ ನಿಂತು ಮಾತಾಡಿಸಿ ಕಳಿಸುತ್ತಿದ್ದರು. ಹುಳಕ್ಕೆ ದೃಷ್ಟಿಯಾಗುತ್ತದೆ ಎಂಬ ಭಯ.

ಆ ಮನೆಯಲ್ಲಿ ಒಂದು ಸೌಟೂ ನನ್ನದಾಗಿರಲಿಲ್ಲ. ಯಾರೂ ಕಿತ್ತುಕೊಂಡಿರಲಿಲ್ಲ, ಎಲ್ಲ ಮೊದಲೇ ಅತ್ತೆಯ ಲೆಕ್ಕದಲ್ಲಿ ಕೂತಿತ್ತು. ಈ ಏಳು ಮೀನು ಮಾತ್ರ ನನ್ನವು. ಅದಕ್ಕೇ ನನಗೆ ಅಷ್ಟು ಹಿಗ್ಗು, ಮತ್ತು ಅಷ್ಟೇ ಜಂಬ. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಬೇಕೆಂದು ದಾರಿಯಲ್ಲೇ ಪಟ್ಟಿ ಹಾಕಿಕೊಂಡಿದ್ದೆ.

ಮಾವ ಬಾಟಲಿಯೊಳಗೆ ಇಣುಕಿ, "ಒಂದು ತುತ್ತು ಸಾರಿಗೂ ಸಾಲ್ದಲ್ಲಮ್ಮ ಇವು" ಅಂದರು. ಅತ್ತೆ ನಗಲಿಲ್ಲ. "ಹುಳದ ಮನೆಗೆ ಮೀನಾ? ಸರಿ, ಅಡುಗೆಮನೆ ಕಿಟಕೀಲಿಡು. ಅದ ಮುಟ್ಟಿದ ಕೈಲಿ ಸೊಪ್ಪು ಮುಟ್ಬೇಡ" ಅಂದರು.

ವಾರದೊಳಗೆ ಎರಡು ಮೀನು ಸತ್ತವು. ಬೆಳಿಗ್ಗೆ ನೋಡಿದರೆ ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು. ನಾನು ಅತ್ತೇಬಿಟ್ಟೆ. ಅತ್ತೆ ಹಿತ್ತಲಲ್ಲಿ ಅವನ್ನು ಮಣ್ಣು ಮಾಡಿ ಬಂದು ಕೈ ತೊಳೆದುಕೊಂಡು ಹೇಳಿದರು: "ಹುಳ ಇರೋ ಮನೇಲಿ ಸಾವು ಆಗ್ಬಾರ್ದು ಕಣಮ್ಮ. ಇನ್ನೊಂದು ಸತ್ರೆ ಮಿಕ್ಕವನ್ನ ತೋಟದ ಬಾವಿಗೆ ಬಿಟ್ಬಿಡಣ. ಅಲ್ಲಿ ಹೆಂಗೋ ಬದುಕ್ಕೊಳ್ತವೆ."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಾವಿಯಲ್ಲಿ ಅವು ಬದುಕುತ್ತಿದ್ದವು, ಆದರೆ ನನ್ನವಾಗಿ ಉಳಿಯುತ್ತಿರಲಿಲ್ಲ. ಆ ಮಧ್ಯಾಹ್ನವೇ ಅಪ್ಪನಿಗೆ ಕಾಗದ ಬರೆದೆ.

ಅಪ್ಪನ ಉತ್ತರ ನಾಲ್ಕು ದಿನಕ್ಕೆ ಬಂತು, ಪಾಠ ಹೇಳಿದ ಹಾಗೆ. ಬಾಟಲಿ ಎತ್ತರ, ಬಾಯಿ ಕಿರಿದು. ಮೀನಿಗೆ ಬೇಕಾದ ಗಾಳಿ ನೀರಿನ ಮೇಲ್ಮೈಯಿಂದ ಇಳಿಯಬೇಕು, ಆದ್ದರಿಂದ ತೊಟ್ಟಿ ಅಗಲವಾಗಿರಲಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ದಿನಕ್ಕೊಮ್ಮೆ ಮಾತ್ರ ಚಿಟಿಕೆ ಆಹಾರ. ನೀರು ಪೂರ್ತಿ ಬದಲಿಸಬೇಡ, ಸ್ವಲ್ಪ ಸ್ವಲ್ಪ ಬದಲಿಸು. ಮರಿ ಹಾಕಿದರೆ ದೊಡ್ಡವು ತಿಂದುಬಿಡುತ್ತವೆ, ಎಚ್ಚರ. ಕೊನೆಗೆ ಒಂದು ಸಾಲು: ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಮನುಷ್ಯರಿಗೆ, ಮೀನಿಗೆ ಹಾಸಿಗೆಯನ್ನೇ ದೊಡ್ಡದು ಮಾಡಬೇಕು.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾತು ಬಿಟ್ಟು ಇನ್ನೊಂದು ಕೇಳುವವರಿಲ್ಲ, ಗಾಜಿನ ತೊಟ್ಟಿ ಮಾಡುವವರು ಎಲ್ಲಿ ಸಿಗಬೇಕು? ನನ್ನ ಯಜಮಾನರು ಆಗ ಚಿಂತಾಮಣಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಅಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಯಜಮಾನರನ್ನು ಗೊತ್ತು ಮಾಡಿಕೊಂಡು ಬಂದರು. ಬಿಳಿ ಗಡ್ಡದ ಆ ಮುದುಕರು ಕಬ್ಬಿಣದ ಚೌಕಟ್ಟಿಗೆ ಕಿಟಕಿಯ ಗಾಜು ಕೂರಿಸಿ, ಸಂದಿಗೆಲ್ಲ ಪುಟ್ಟಿ ಮೆತ್ತಿ ತೊಟ್ಟಿ ಮಾಡಿದರು. ತರಲು ಯಜಮಾನರ ಜೊತೆ ನಾನೂ ಹೋದೆ. "ಮೀನ್ಗೆ ಬಂಗ್ಲೆ ಕಟ್ದೆ ನೋಡಮ್ಮಾ. ಎರಡು ಮೂರು ಸಲ ನೀರು ತುಂಬಿ ಚೆಲ್ಲು, ಪುಟ್ಟಿ ಎಣ್ಣೆ ವಾಸ್ನೆ ಹೋಗ್ಬೇಕು. ಆಮೇಲೆ ಬಿಡು" ಅಂದರು.

ಆ ತೊಟ್ಟಿ ಬಸ್ಸಿನಲ್ಲಿ ಬಂದದ್ದೇ ಒಂದು ಮೆರವಣಿಗೆ. ಮೇಲೆ ಹಾಕಲು ನಾನು ಬಿಡಲಿಲ್ಲ. ಇಬ್ಬರ ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡೆವು. ಕಂಡಕ್ಟರ್ ಬಗ್ಗಿ ನೋಡಿ, ಒಳಗೇನೂ ಕಾಣದೆ, ತೆಲುಗಿನಲ್ಲಿ "ಲೋಪಲ ಏಮುಂದಮ್ಮಾ?" ಅಂದ. ಒಳಗೆ ಏನಿದೆ ಅಂತ ನಾನು ಏನು ಹೇಳಲಿ? "ನೀರು ಬರ್ತದೆ" ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು.

ಆ ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಳ್ಳದ ಮರಳನ್ನು ಅಕ್ಕಿ ತೊಳೆದ ಹಾಗೆ ಏಳು ನೀರಲ್ಲಿ ತೊಳೆದೆ. ಕೆರೆಯಿಂದ ಎಳೆ ಪಾಚಿಗಿಡ ತಂದು ನೆಟ್ಟೆ. ಬಾವಿಯ ನೀರನ್ನು ಒಂದು ದಿನ ಹಂಡೆಯಲ್ಲಿಟ್ಟು ತುಂಬಿದೆ. ಐದು ಮೀನು ಬಾಟಲಿಯಿಂದ ಜಾರಿ ಆ ಅಗಲದೊಳಗೆ ಇಳಿದಾಗ ಒಂದು ಕ್ಷಣ ಸುಮ್ಮನೆ ನಿಂತವು. ಆಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದೇ ಓಟ. ನಾನು ಚಪ್ಪಾಳೆ ತಟ್ಟಿದೆ. ಮಾವ ಕೂಡ ತಟ್ಟಿದರು. ಅತ್ತೆ ಸೊಪ್ಪಿನ ಕುಕ್ಕೆ ಸೊಂಟಕ್ಕಿಟ್ಟುಕೊಂಡು ನಿಂತು ನೋಡಿ ಒಳಗೆ ಹೋದರು.

ಹತ್ತು ದಿನಕ್ಕೆ ನೀರು ಗಂಜಿಯ ಹಾಗೆ ಬೆಳ್ಳಗಾಯಿತು. ವಾಸನೆ ಬೇರೆ. ಐದೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬಸುರಿಯ ಹಾಗಿದ್ದ ದೊಡ್ಡ ಹೆಣ್ಣು ಮೀನಂತೂ ಓರೆಯಾಗಿ ಗಾಜಿಗೆ ಒರಗಿತ್ತು. ಅಪ್ಪ ಹೇಳಿದ್ದನ್ನೆಲ್ಲ ಮಾಡಿದ್ದೆ. ದಿನಕ್ಕೊಮ್ಮೆ ಬಚ್ಚಲ ತೊಟ್ಟಿಯ ಸೊಳ್ಳೆಮರಿ ಒಂದು ಚಿಟಿಕೆ ಬಿಟ್ಟರೆ ಮುಗಿಯಿತು. ಮತ್ತೇಕೆ ಹೀಗೆ? ಇನ್ನೊಂದು ಸತ್ತರೆ ಬಾವಿ.

ಮಾರನೆಯ ದಿನ ಮಧ್ಯಾಹ್ನ ತೋಟಕ್ಕೆ ಸೊಪ್ಪು ಕೊಯ್ಯಲು ಹೊರಟವಳು ಕುಡುಗೋಲು ಮರೆತು ವಾಪಸು ಬಂದೆ. ಅತ್ತೆ ಹುಳಕ್ಕೆ ಸೊಪ್ಪು ಹಾಕಿ ಮುಗಿಸಿ ತೊಟ್ಟಿಯ ಮುಂದೆ ನಿಂತಿದ್ದರು. ಕೈಯಲ್ಲಿ ಅಕ್ಕಿನುಚ್ಚು. ಹಿಡಿಹಿಡಿಯಾಗಿ ನೀರಿಗೆ ಉದುರಿಸುತ್ತಿದ್ದರು.

"ಅತ್ತೆ, ಏನ್ ಮಾಡ್ತಿದ್ದೀರಿ?"

ಅವರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. "ನೀನು ದಿನಕ್ಕೊಂದ್ಸಲ ಚಿಟಿಕೆ ಹಾಕಿ ಹೋಗ್ತೀಯ. ಇವು ನೋಡಿದ್ರೆ ಬಾಯಿ ಬಿಡ್ತಾನೇ ಇರ್ತವೆ. ಹುಳಕ್ಕೆ ನಾಲ್ಕು ಹೊತ್ತು ಹಾಕಿ, ಹಸಿದ ಬಾಯಿ ದಾಟ್ಕೊಂಡು ನಾನು ಹೆಂಗೆ ಹೋಗ್ಲಿ ಹೇಳು."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿದೆ. ನುಂಗುವಾಗಲೇ ಎಲ್ಲ ಅರ್ಥವಾಯಿತು. ಹಸಿದ ರೇಷ್ಮೆ ಹುಳ ತಲೆ ಎತ್ತಿ ಹುಡುಕುತ್ತದೆ, ಸೊಪ್ಪು ಹಾಕಿದರೆ ಇಳಿಸುತ್ತದೆ. ಮೀನು ಉಸಿರು ಸಾಲದೆ ಮೇಲೆ ಬಂದು ಬಾಯಿ ಬಿಟ್ಟರೆ ಅತ್ತೆಗೆ ಅದು ಹಸಿವು. ನುಚ್ಚು ಹಾಕಿದಷ್ಟೂ ನೀರು ಕೊಳೆಯುತ್ತದೆ, ನೀರು ಕೊಳೆತಷ್ಟೂ ಅವು ಬಾಯಿ ಬಿಡುತ್ತವೆ, ಅತ್ತೆ ಇನ್ನೊಂದು ಹಿಡಿ ಹಾಕುತ್ತಾರೆ. ಅತಿಯಾದರೆ ಅಮೃತವೂ ವಿಷ ಎಂದು ಅತ್ತೆಗೆ ನಾನು ಹೇಳಿಕೊಡುವುದೆಂತು? ಆಗ ಅವರದೇ ಮಾತು ನೆನಪಾಯಿತು. ಹುಳ ಪೊರೆ ಬಿಡುವ ಮುಂಚೆ ಒಂದು ದಿನ ತಿನ್ನದೆ ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.

"ಅತ್ತೆ, ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀರಾ?"

"ಹಾಕ್ತಾರಾ ಯಾರಾದ್ರೂ? ಬೆಳೆ ಹೋಯ್ತದೆ."

"ಇವಕ್ಕೂ ಜ್ವರ."

ಅತ್ತೆ ನೀರನ್ನು ನೋಡಿದರು, ಒರಗಿದ್ದ ಮೀನನ್ನು ನೋಡಿದರು. ಉಳಿದ ನುಚ್ಚನ್ನು ಸೆರಗಿಗೆ ಕಟ್ಟಿಕೊಂಡರು. "ಬಾಟ್ಲೀಲಿದ್ದಾಗ್ಲೂ ಹಾಕ್ತಿದ್ದೆ ಕಣಮ್ಮ" ಅಂದರು, ಮೆಲ್ಲಗೆ. "ಆ ಎರಡನ್ನ ನಾನೇ ಕೊಂದ್ನಲ್ಲ."

ನನ್ನ ಕೋಪ ಎಲ್ಲಿ ಹೋಯಿತೋ. ಅವರ ಕೈ ಹಿಡಿದುಕೊಂಡೆ. ಆ ಮನೆಗೆ ಬಂದು ಎರಡು ವರ್ಷದಲ್ಲಿ ಅವರ ಕೈ ಹಿಡಿದದ್ದು ಅದೇ ಮೊದಲು.

ಆಮೇಲೆ ಅತ್ತೆ ಸುಮ್ಮನಿರುವವರೇ? "ತಟ್ಟೆ ಅಡಿ ಹಿಕ್ಕೆ ತೆಗೀದೆ ಹುಳ ಉಳೀತದಾ? ಇದರ ಅಡೀನೂ ತೆಗಿ ಮೊದಲು" ಎಂದು ಸೆರಗು ಬಿಗಿದರು. ರಬ್ಬರ್ ಕೊಳವೆಯಿಂದ ತಳದ ಕೊಳೆ ಎಳೆಯುವಾಗ ನನ್ನ ಬಾಯಿಗೂ ಒಂದು ಗುಟುಕು ಬಂತು. ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು. ತೆಗೆದಷ್ಟು ಹೊಸ ನೀರು ಸುರಿದೆವು. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಮೂರು ದಿನ ಮೀನಿಗೆ ಲಂಘನ. ಮಾವ ಒಮ್ಮೆ ಮುದ್ದೆಯ ಚೂರು ಹಿಡಿದು ಹತ್ತಿರ ಸುಳಿದರು. "ಜ್ವರ ಬಂದೈತೆ ಅಂತ ಗೊತ್ತಿಲ್ವಾ ನಿಮ್ಗೆ?" ಎಂದು ಅತ್ತೆ ಅವರನ್ನು ಜಗುಲಿಯವರೆಗೂ ಅಟ್ಟಿದರು.

ನಾಲ್ಕನೆಯ ದಿನ ಬೆಳಿಗ್ಗೆ ನೀರು ಆಚೆಯ ಗೋಡೆಯ ಸುಣ್ಣ ಕಾಣುವಷ್ಟು ತಿಳಿಯಾಗಿತ್ತು. ಓರೆಯಾಗಿದ್ದ ಹೆಣ್ಣು ಮೀನು ನೆಟ್ಟಗೆ ನಿಂತಿತ್ತು. ಅದರ ಹೊಟ್ಟೆ ಇಳಿದಿತ್ತು. ಪಾಚಿಗಿಡದ ಬುಡದಲ್ಲಿ ಏನೋ ಅಲುಗಾಡಿದಂತಾಯಿತು. ಮುಖ ಗಾಜಿಗೆ ಒತ್ತಿದೆ. ಸಾಸಿವೆ ಕಾಳಿನಂಥ ಕಣ್ಣು, ಅದರ ಹಿಂದೆ ಕೂದಲಿನಷ್ಟು ಮೈ. ಒಂದು, ಎರಡು, ಆರು, ಹನ್ನೊಂದು!

"ಅತ್ತೆ, ಮರಿ!" ಎಂದು ಕೂಗಿದ್ದು ತೋಟದವರೆಗೂ ಕೇಳಿಸಿತಂತೆ. ಅತ್ತೆ ಸೊಪ್ಪಿನ ಕುಕ್ಕೆ ಅಲ್ಲೇ ಬಿಟ್ಟು ಓಡಿ ಬಂದರು. ದೊಡ್ಡ ಮೀನು ಮರಿಗಳನ್ನು ತಿನ್ನುತ್ತದೆ ಎಂದು ಅಪ್ಪ ಬರೆದದ್ದನ್ನು ಹೇಳಿದೆ. "ಚಾಕಿ ಹುಳಾನ ದೊಡ್ಡವುಗಳ ಜೊತೆ ಬಿಡ್ತಾರಾ ಮತ್ತೆ? ಎಳೇವನ್ನ ಬೇರೆ ಇಡ್ಬೇಕು" ಎಂದು ಅವರು ಹಿತ್ತಲಿನಿಂದ ತಮ್ಮ ಅಗಲ ಬಾಯಿಯ ಮಣ್ಣಿನ ಬಾನಿ ತಂದು ಉಜ್ಜಿ ಕೊಟ್ಟರು. ಕಾಫಿ ಲೋಟದಿಂದ ಒಂದೊಂದೇ ಮರಿ ಹಿಡಿದು ಅದಕ್ಕೆ ಬಿಟ್ಟೆವು. ಅತ್ತೆಗೆ ಎಂಟು ಸಿಕ್ಕವು, ನನಗೆ ಮೂರು.

ನನ್ನ ಕೂಗು ಕೇಳಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ನಾನು ಸಂಭ್ರಮದಿಂದ ಬಾರಮ್ಮಾ ಎಂದು ಕರೆಯಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ನನ್ನನ್ನು ದಾಟಿ ಹೋಗಿ ಗೋಣಿತಾಟಿನ ಪರದೆ ಸರಕ್ಕನೆ ಇಳಿಬಿಟ್ಟು ಹೊಸಿಲಿಗೆ ಅಡ್ಡ ನಿಂತರು.

"ಒಳಗೆ ಬರ್ಬೇಡ ಕಣೇ" ಅಂದರು. "ನಮ್ಮ ಸೊಸೆ ಬೆಳೆ ಇಟ್ಟವ್ಳೆ."