ಐದು ಕಟ್ಟೈ ಮೇಲಿನ ಸಾಲು

ಗುಂಪಿನಲ್ಲಿ ಹಾಡುವ ಪದ ಕಟ್ಟಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟು. ಹತ್ತು ಮಂದಿಗೆ ಎದೆಯೊಳಗೇ ಗುನುಗುವ ಸಾಲು ಕೊಟ್ಟು, ಒಬ್ಬ ಗಂಡಸಿನ ಗಂಟಲನ್ನು ಮಾತ್ರ ಗೋಪುರದ ತುದಿಗೆ ನೇತುಹಾಕುತ್ತಾರೆ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಉದ್ದನಪಲ್ಲಿಯ ಭಜನೆ ಗುಂಪಿನಲ್ಲಿ ಆ ಒಬ್ಬ ನಾನೇ. ಸುಳ್ಳಲ್ಲ, ಅಷ್ಟು ಮೇಲೆ ಹೋಗುವ ಗಂಟಲು ರಾಯಕೋಟೆಯವರೆಗೂ ಇರಲಿಲ್ಲ.

ಹೊಸೂರಿನಿಂದ ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಶ್ರುತಿಯನ್ನು ತಮಿಳಿನವರ ಹಾಗೆ ಕಟ್ಟೈ ಲೆಕ್ಕದಲ್ಲಿ ಹೇಳುತ್ತಿದ್ದರು. ಕಟ್ಟೈ ಹೆಚ್ಚಿದಷ್ಟೂ ದನಿ ಮೇಲಕ್ಕೆ. ನಾಲ್ಕರಲ್ಲಿ ನಾನು ಹಾಯಾಗಿದ್ದೆ. ಆ ಧನುರ್ಮಾಸದಲ್ಲಿ ಅವರಿಗೆ ಏನು ಹೊಳೆಯಿತೋ, "ನಾಳೆಯಿಂದ ಐದು ಕಟ್ಟೈ" ಅಂದರು.

"ನಮ್ಮೂರಲ್ಲಿರೋದೇ ಒಂದು ಕಟ್ಟೆ ಮೇಷ್ಟ್ರೇ, ಅರಳೀಕಟ್ಟೆ. ಇನ್ನ ನಾಕು ಎಲ್ಲಿಂದ ತರಾನ?" ಅಂದೆ.

ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಆಗದಿದ್ರೆ ಹೇಳಯ್ಯ. ಮತ್ತಿಗಿರಿಯಿಂದ ಬೇರೆಯವರನ್ನ ಕರೀತೀನಿ."

ನನ್ನ ಸಾಲು ಮತ್ತಿಗಿರಿಯವನಿಗೆ! ಫ್ಯಾಕ್ಟರಿಯಲ್ಲಿ ಎರಡನೇ ಶಿಫ್ಟ್ ಮುಗಿಸಿ, ನಿದ್ದೆಗೆಟ್ಟು, ಆ ಚಳಿಯಲ್ಲಿ ಬೆಳಗಿನ ಭಜನೆಗೆ ಬರುತ್ತಿದ್ದವನು ನಾನು. ಹಟ ಹಿಡಿದು ಹಾಡಿದೆ. ಸ್ವರ ಮುಟ್ಟುತ್ತಿತ್ತು, ನಿಲ್ಲುತ್ತಿರಲಿಲ್ಲ. ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ತಾಳ ಹಾಕುತ್ತಿದ್ದ ನಮ್ಮ ಭಾವ ಬಗ್ಗಿ, "ಕೋಳಿ ಕೂಗ್ತು ಅಂತ ಊರೆಲ್ಲ ಎದ್ಬುಟ್ಟೈತೆ ಕಣ್ಲಾ, ಇನ್ನ ನಿಲ್ಸು" ಅಂದ.

ಮಾಸದ ಕೊನೆಯ ದಿನ ಗುಡಿ ತುಂಬ ಜನ. ನನ್ನ ಸಾಲು ಬಂತು. ನಾನು ಹಾಡಲಿಲ್ಲ. ಎದ್ದು ನಿಂತು ಮೇಷ್ಟ್ರಿಗೆ ಕೈಮುಗಿದು, ಎಲ್ಲರಿಗೂ ಕೇಳುವಂತೆ, "ಇವತ್ತು ಗುರುಗಳ ಬಾಯಲ್ಲೇ ಕೇಳಾನ. ಅವ್ರ ಮುಂದೆ ನಾನ್ಯಾವ ದೊಡ್ಡೋನು?" ಅಂದೆ.

ಜನ ಚಪ್ಪಾಳೆ ಹೊಡೆದರು. ಮೇಷ್ಟ್ರಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಐದು ಕಟ್ಟೈಯಲ್ಲೇ ಸಾಲು ಹಿಡಿದು ಏರಿದರು. ಅರ್ಧಕ್ಕೇ ದನಿ ಸೀಳಿ ಬರೀ ಗಾಳಿ ಬಂತು. ಭಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಮೇಷ್ಟ್ರ ಬೆರಳು ಸದ್ದಿಲ್ಲದೆ ನಾಲ್ಕು ಕಟ್ಟೈಗೆ ಇಳಿಯಿತು. ಆಗ ನಾನು ಶುರು ಮಾಡಿದೆ ನೋಡಿ, ಗಂಟೆ ಹೊಡೆದ ಹಾಗಿತ್ತು.

ಮುಗಿದ ಮೇಲೆ ಹುಗ್ಗಿ ತಿನ್ನುತ್ತಾ ಮೇಷ್ಟ್ರು ಊರವರಿಗೆ ಹೇಳುತ್ತಿದ್ದರು: "ಪಾಪ, ಅವನಿಗೆ ಕಷ್ಟ ಆಗುತ್ತೆ ಅಂತ ನಾನೇ ಇಳಿಸಿದೆ."

ಕಷ್ಟ ನನಗಾ? ಕೈಯಲ್ಲಿದ್ದ ದೊನ್ನೆ ಕೆಳಗಿಟ್ಟೆ. "ಹಾರ್ಮೋನಿಯಂ ಬಿಚ್ಚಿ ಮೇಷ್ಟ್ರೇ. ಯಾರಿಗೆ ಕಷ್ಟ ಅಂತ ಇಲ್ಲೇ ನೋಡೇಬುಡಾನ."

ಬಸ್ಸಿಗೆ ಹೊತ್ತಾಯಿತೆಂದು ಅವರು ಹಾರ್ಮೋನಿಯಂ ಹೊತ್ತುಕೊಂಡು ಹೊರಟೇಬಿಟ್ಟರು. ಹೊಸೂರು ಬಸ್ಸು ಆಗಷ್ಟೇ ನಮ್ಮೆಲ್ಲರ ಕಣ್ಣೆದುರೇ ಹೋಗಿತ್ತು.